ಸೇಡಲ್ರಿ, ಮುಯ್ಯಿ

ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ಹೊಸದಾಗಿ ಸೇರಿದವರು ಬಸ್ ಸ್ಟ್ಯಾಂಡಿನಲ್ಲಿ ಎಲ್ಲಾದರೂ ಸಿಕ್ಕರೆ ನನ್ನನ್ನು ಕೇಳುವುದು ಒಂದೇ ಮಾತು: ಕೈಗೆ ವೇಗ ಬರಲು ಏನು ಮಾಡಬೇಕು? ವೇಗ ತಾನಾಗಿಯೇ ಬರುತ್ತದೆ, ಹೊಟ್ಟೆಪಾಡು ಕಲಿಸುತ್ತದೆ. ತಾನಾಗಿ ಬಾರದ ಸಂಗತಿಗಳು ಬೇರೆ ಇವೆ. ಅವನ್ನು ಕೇಳುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಈಗ ಬೇಕಾದಷ್ಟು ಹೊತ್ತಿದೆ. ಹಾನಗಲ್ಲಿನ ಈ ಬಾಡಿಗೆ ಮನೆಯಲ್ಲಿ ನಡುವೆ ಬಾಯಿ ಹಾಕುವವರು ಯಾರೂ ಇಲ್ಲ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ನನ್ನ ನೌಕರಿಯೆಲ್ಲ ಈ ನಾಲ್ಕು ಊರುಗಳಲ್ಲಿ ತಿರುಗಿತು. ಬಡ್ತಿ ಯಾವಾಗ ಸಿಕ್ಕಿತು, ಯಾವಾಗ ತಪ್ಪಿತು ಎಂಬ ಪುರಾಣ ಬೇಡ, ಹೇಳಹೊರಟರೆ ನನಗೇ ಆಕಳಿಕೆ ಬರುತ್ತದೆ. ನಾನು ಮಾಡಿದ ಕೆಲಸ ಇಷ್ಟು. ಕಟಕಟೆಯಲ್ಲಿ ನಿಂತ ಸಾಕ್ಷಿ ತನ್ನ ಮಾತಿನಲ್ಲಿ ಹೇಳುತ್ತಾನೆ. ಸಾಹೇಬರು, ಅಂದರೆ ನ್ಯಾಯಾಧೀಶರು, ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ನನಗೆ ಹೇಳುತ್ತಾರೆ. ಅವರು ಹೇಳಿದ್ದನ್ನು ನಾನು ಬಡಿಯುತ್ತೇನೆ. ಸಾಕ್ಷಿಯ ಮಾತು ಮೊದಲೇ ನನ್ನ ಕಿವಿಗೆ ಬಿದ್ದಿರುತ್ತದೆ, ಆದರೆ ಬೆರಳಿಗೂ ಅದಕ್ಕೂ ಸಂಬಂಧವಿಲ್ಲ.

ಸೇರಿದ ದಿನವೇ ಕೋರ್ಟಿನ ಹಿರಿಯ ಗುಮಾಸ್ತರಾದ ಶಿರಸ್ತೇದಾರರು ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದರು. ನೌಕರಿಯ ಹೆಂಗಸರನ್ನು ಈ ಕಡೆ ‘ಬಾಯಾರು’ ಎಂದೇ ಕರೆಯುವುದು.

“ಬಾಯಾರ, ಎರಡ ಮಾತು ಹೇಳ್ತೇನಿ, ನೆನಪಿಟಗೋರಿ. ಸಾಹೇಬ್ರು ಹೇಳಿದ್ದ ಬಡೀರಿ, ನಿಮಗ ಕೇಳಿಸಿದ್ದ ಬಡೀಬ್ಯಾಡ್ರಿ. ಇನ್ನ, ಈ ಊರಾಗ ಯಾರ ಮನೀಗೂ ಹೋಗಬ್ಯಾಡ್ರಿ. ಇವತ್ತ ಅರಿಷಿಣ ಕುಂಕುಮಕ್ಕ ಕರದಾಕಿ ನಾಳೆ ಕಟಕಟ್ಯಾಗ ನಿಂತಿರ್ತಾಳ.”

ಎರಡನ್ನೂ ಪಾಲಿಸಿದೆ. ಮೊದಲನೆಯದರಿಂದ ನೌಕರಿ ಉಳಿಯಿತು, ಎರಡನೆಯದರಿಂದ ನಾನು ಒಬ್ಬಳೇ ಉಳಿದೆ. ಮದುವೆ ಆಗಲಿಲ್ಲ. ಅದರಲ್ಲಿ ಹೇಳುವಂಥ ಕಥೆಯೇನೂ ಇಲ್ಲ, ನೋಡಿ ಹೋದವರು ತಿರುಗಿ ಬರಲಿಲ್ಲ, ಅಷ್ಟೇ. ಅವ್ವ ಧಾರವಾಡದಲ್ಲಿ ಅಣ್ಣನ ಮನೆಯಲ್ಲಿದ್ದಳು. ನನ್ನ ಪಾಲಿಗೆ ಯಾವ ಊರಿಗೆ ವರ್ಗವಾದರೂ ಒಂದು ಕೋಣೆ, ಒಂದು ಸ್ಟೋವು, ಸಂಜೆ ಬಂದು ತೆಗೆಯಬೇಕಾದ ಒಂದು ಕೀಲಿ. ಮದುವೆಯ ಕಾಲದಲ್ಲಿ ಇಡೀ ಊರು ರೇಷ್ಮೆ ಸೀರೆ ಉಟ್ಟು ಹೊರಟಿರುತ್ತಿತ್ತು. ನಾನು ಕಿಟಕಿಯಲ್ಲಿ ನಿಂತು ಯಾರ ಸೀರೆ ಹೊಸದು, ಯಾರದು ಹಳೆಯದು ಎಂದು ನೋಡುತ್ತಿದ್ದೆ. ದುಃಖವಾಗುತ್ತಿತ್ತೇ ಎಂದರೆ, ಹೌದು, ಆಗುತ್ತಿತ್ತು.

ಕ್ರಿಮಿನಲ್ ಕೇಸು ನಡೆಯುವ ಕೋರ್ಟಿನಲ್ಲಿ ಕೂತವರಿಗೆ ಒಂದು ಶಬ್ದ ಇಲ್ಲದೆ ದಿನ ಸಾಗುವುದಿಲ್ಲ. ಅದು ಸೇಡು. ಪೊಲೀಸರ ಕಾಗದ ಶುರುವಾಗುವುದೇ ‘ಹಳೆಯ ದ್ವೇಷದ ಸೇಡು ತೀರಿಸಿಕೊಳ್ಳುವ ಉದ್ದೇಶದಿಂದ’ ಎಂದು. ಅದನ್ನು ಎಷ್ಟು ಸಲ ಬಡಿದಿದ್ದೇನೆಂದರೆ ನಿದ್ದೆಗಣ್ಣಿನಲ್ಲೂ ಬೆರಳು ತಾನೇ ಓಡುತ್ತದೆ. ಆದರೆ ಒಂದು ವಿಚಿತ್ರ ನೋಡಿ. ಕಟಕಟೆಯಲ್ಲಿ ನಿಂತವರ ಬಾಯಿಂದ ಈ ಶಬ್ದ ಕೇಳಿದ್ದು ನನಗೆ ನೆನಪೇ ಇಲ್ಲ. “ಅಂವಗ ನನ್ನ ಮ್ಯಾಲೆ ಜಿದ್ದೈತ್ರಿ” ಎನ್ನುತ್ತಾರೆ. “ಮನಸಿನ್ಯಾಗ ಇಟಗೊಂಡಾನ್ರಿ” ಎನ್ನುತ್ತಾರೆ. “ಹೋಗಬರೂದು ನಿಂತೈತ್ರಿ” ಎನ್ನುತ್ತಾರೆ. ಸವಣೂರಿನ ಕಡೆಯವರಾದರೆ “ದುಸ್ಮಾನಕಿ”, ಅಂದರೆ ಹಗೆತನ.

ಇವೆಲ್ಲ ಒಂದೇ ಅಲ್ಲ. ಜಿದ್ದು ಇದ್ದವನು ಒಳ್ಳೆಯ ಕೆಲಸವನ್ನೂ ಮಾಡಿಯಾನು, ಜಿದ್ದಿಗೆ ಬಿದ್ದು ಪಾಸಾದ ಹುಡುಗರು ಎಷ್ಟಿಲ್ಲ? ಹಗೆತನ ಒಬ್ಬನದಲ್ಲ, ಮನೆಯದು. ಹೊಲದ ಜೊತೆಗೆ ಮಕ್ಕಳಿಗೆ ಬರುತ್ತದೆ. ಮನಸ್ಸಿನಲ್ಲಿ ಇಟ್ಟುಕೊಂಡವನು ಒಂದು ದಿನ ಮರೆತೂ ಬಿಡಬಹುದು. ಆದರೆ ಯಾರು ಏನೇ ಹೇಳಲಿ, ಸಾಹೇಬರ ಬಾಯಿಗೆ ಹೋಗಿ ನನ್ನ ಮೆಷಿನ್ನಿಗೆ ಬರುವ ಹೊತ್ತಿಗೆ ಎಲ್ಲವೂ ಸೇಡಾಗಿರುತ್ತಿತ್ತು. ನಮ್ಮಪ್ಪ ಪುರಾಣ ಹೇಳುವವರು. ತಟ್ಟೆಯಲ್ಲಿ ತುಪ್ಪ ಬಿತ್ತೋ ಇಲ್ಲವೋ ನೋಡದೆ ಶಬ್ದದ ಅರ್ಥಕ್ಕೆ ಜಗಳ ತೆಗೆಯುವ ಮನುಷ್ಯ. ಅವರ ಮಗಳಾಗಿ ಹುಟ್ಟಿದ್ದಕ್ಕೆ ನನಗೆ ಇದು ಒಳಗೊಳಗೇ ಚುಚ್ಚುತ್ತಿತ್ತು. ಬೇರೆ ಟೈಪಿಸ್ಟುಗಳು ಸುಖವಾಗಿದ್ದರು.

ನಗು ಬರುವಂಥದ್ದೂ ನಡೆಯುತ್ತಿತ್ತು. ಒಮ್ಮೆ ಕರಾವಳಿಯ ಕಡೆಯ ಸಾಹೇಬರೊಬ್ಬರು ಬಂದಿದ್ದರು. ಜೋಳದ ಕಳವಿನ ಕೇಸು. ಸಾಕ್ಷಿ ಒಬ್ಬ ಮುದುಕ.

“ಅವರ ಹಗೇ ತಗದಾಗ ನಾ ಅಲ್ಲೇ ನಿಂತಿದ್ನಿರಿ,” ಎಂದ.

ಸಾಹೇಬರು ನನಗೆ ಹೇಳಿದರು: “ಅವರ ನಡುವಿನ ಹಗೆತನ ಹೊರಬಿದ್ದಾಗ ನಾನು ಸ್ಥಳದಲ್ಲಿ ಹಾಜರಿದ್ದೆನು.” ಬಡಿದೆ. ಮುದುಕ ಮುಂದುವರಿಸಿದ: “ಹಗೇದಾಗ ಎರಡ ಚೀಲ ಕಡಿಮಿ ಇದ್ವರಿ.”

ಸಾಹೇಬರು ಕನ್ನಡಕ ತೆಗೆದರು. “ಹಗೆತನದಲ್ಲಿ ಎರಡು ಚೀಲ ಕಡಿಮೆಯೇ?” ಎಂದು ಕೇಳಿದಾಗ ಕೋರ್ಟೆಲ್ಲ ಗೊಳ್ಳೆಂದಿತು. ವಕೀಲರೊಬ್ಬರು ಎದ್ದು, ಹಗೇವು ಎಂದರೆ ನಮ್ಮ ಕಡೆ ಜೋಳ ತುಂಬಿಡುವ ನೆಲದೊಳಗಿನ ಕುಣಿ ಎಂದು ವಿವರಿಸಿದರು. ಎಲ್ಲರಿಗಿಂತ ಹೆಚ್ಚು ನಕ್ಕವರು ಸಾಹೇಬರೇ. ಅಳುವ ಪಾಳಿ ನನ್ನದು. ಆಗ ಇದ್ದದ್ದು ಟೈಪ್‌ರೈಟರು, ನಡುವೆ ಕಾರ್ಬನ್ ಇಟ್ಟ ಪ್ರತಿಗಳು. ಒಂದು ಶಬ್ದ ತಪ್ಪಿದರೆ ಅಷ್ಟೂ ಹಾಳೆಗಳಲ್ಲಿ ಉಜ್ಜಬೇಕು, ಇಲ್ಲವೇ ಇಡೀ ಪುಟವನ್ನು ಹೊಸದಾಗಿ ಬಡಿಯಬೇಕು. ಬಡಿದೆ.

ಆಮೇಲೆ ಕಂಪ್ಯೂಟರ್ ಬಂತು. ತಿದ್ದುವುದು ಸುಲಭವಾಯಿತು, ತಿದ್ದಿದ ಗುರುತೂ ಇಲ್ಲವಾಯಿತು. ಸದ್ದು ಹೋಯಿತು. ಆ ಟಕಟಕ ಸದ್ದು ನನಗೆ ಜೊತೆಗಾರನಿದ್ದಂತೆ ಇತ್ತು ಎಂದು ಅದು ಹೋದ ಮೇಲೆ ಗೊತ್ತಾಯಿತು. ಬದಲಾಗದೆ ಉಳಿದದ್ದು ಓದಿ ಹೇಳುವ ಪದ್ಧತಿ. ಸಾಕ್ಷಿಯ ಹೇಳಿಕೆ ಮುಗಿದ ಮೇಲೆ ಬರೆದುಕೊಂಡದ್ದನ್ನು ಅವನಿಗೆ ಓದಿ ಹೇಳಿ, ಸರಿ ಇದೆ ಎಂದ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಬೇಕು. ನಮ್ಮಲ್ಲಿ ಓದುವ ಕೆಲಸ ನನಗೇ ಬರುತ್ತಿತ್ತು. ಓದುವುದೆಂದರೆ ಹೇಗೆ? ಒಂದೇ ದಿನ ಹತ್ತು ಮನೆಯ ಸತ್ಯನಾರಾಯಣ ಪೂಜೆ ಒಪ್ಪಿಕೊಂಡ ಭಟ್ಟರು ಮಂತ್ರ ಹೇಳಿದ ಹಾಗೆ. ಕೊನೆಯ ಅಕ್ಷರ ಮಾತ್ರ ಕೇಳಿಸುತ್ತದೆ. ಸಾಕ್ಷಿ ಹೂಂ ಎನ್ನುತ್ತಾನೆ. ಎಲ್ಲರಿಗೂ ಊಟದ ಹೊತ್ತಾಗಿರುತ್ತದೆ.

ಈಗ ಹೇಳಬೇಕಾದ ಕೇಸಿಗೆ ಬರುತ್ತೇನೆ. ನಾಲ್ಕರಲ್ಲಿ ಯಾವ ತಾಲೂಕು, ಯಾವ ಊರು ಎಂದು ಹೇಳುವುದಿಲ್ಲ. ಹೆಸರುಗಳನ್ನೂ ಬದಲಿಸಿದ್ದೇನೆ.

ಈರಪ್ಪ ಎಂಬ ರೈತನ ಮೇವಿನ ಬಣವಿ ಸುಟ್ಟುಹೋಗಿತ್ತು. ಪಕ್ಕದ ಹೊಲದ ಫಕ್ಕೀರಪ್ಪ ಬೆಂಕಿ ಹಚ್ಚಿದನೆಂದು ಅವನ ದೂರು. ಹಚ್ಚಿದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಇದ್ದದ್ದು ಒಂದು ಮಾತು: ಬೆಂಕಿ ಬೀಳುವ ಕೆಲವು ದಿನಗಳ ಮೊದಲು ಇಬ್ಬರಿಗೂ ಜಗಳವಾಗಿ, ಫಕ್ಕೀರಪ್ಪ ಏನೋ ಬೆದರಿಕೆ ಹಾಕಿದ್ದ. ಆ ಮಾತನ್ನು ಕೇಳಿಸಿಕೊಂಡ ಸಾಕ್ಷಿ ಈರಪ್ಪನ ತಾಯಿ ಗೌರವ್ವ. ಅವಳ ಒಂದು ಮಾತಿನ ಮೇಲೆ ಫಕ್ಕೀರಪ್ಪ ಜೈಲಿಗೆ ಹೋಗುವುದು, ಬಿಡುವುದು ನಿಂತಿತ್ತು.

ಗೌರವ್ವನ ಮೇಲೆ ಇನ್ನೊಂದು ಭಾರವಿತ್ತು. ಅವತ್ತು ಬೆಳಿಗ್ಗೆ ಕೋರ್ಟಿನ ಪಡಸಾಲೆಯಲ್ಲಿ ನಾನು ಫೈಲು ಹಿಡಿದು ಹಾದುಹೋಗುವಾಗ ಈರಪ್ಪ ತಾಯಿಗೆ ಹೇಳುತ್ತಿದ್ದ:

“ಬೇ, ಕೇಳಿದ್ದಕ್ಕ ಉತ್ತರಾ ಕೊಡು, ಹೆಚ್ಚಿಗಿ ಮಾತಾಡಬ್ಯಾಡ. ಇದರಾಗ ನೀ ತಪ್ಪಿದಿ ಅಂದ್ರ ನಿನ್ನ ಕೂಡ ನನ್ನ ಮಾತ ಮುಗೀತು ನೋಡು.”

ಗಂಡ ತೀರಿಹೋದ ಮೇಲೆ ಆಕೆಗೆ ಇದ್ದವನು ಈ ಒಬ್ಬನೇ ಮಗ. ಆಕೆ ಸೆರಗು ಹೊದ್ದುಕೊಂಡು ಸುಮ್ಮನೆ ತಲೆಯಾಡಿಸಿದಳು.

ಈರಪ್ಪ ಕೆಟ್ಟವನಲ್ಲ. ವರ್ಷದ ಮೇವು ಕಣ್ಣೆದುರು ಬೂದಿಯಾದರೆ ಯಾರಿಗಾದರೂ ಒಬ್ಬ ಹಚ್ಚಿದವನು ಬೇಕಾಗುತ್ತಾನೆ. ಫಕ್ಕೀರಪ್ಪನೇ ಎಂದು ಅವನು ನಿಜವಾಗಿ ನಂಬಿದ್ದ.

ಸಾಹೇಬರು ಮೈಸೂರು ಕಡೆಯವರು. ತಾಳ್ಮೆಯ ಮನುಷ್ಯ, ಸಾಕ್ಷಿಗಳಿಗೆ ಗದರುತ್ತಿರಲಿಲ್ಲ. ಸರ್ಕಾರಿ ವಕೀಲರು ಗೌರವ್ವನನ್ನು ಕೇಳಿದರು: “ಫಕ್ಕೀರಪ್ಪ ನಿಮ್ಮ ಮಗಗ ಏನಂದ?”

“ನಿಮ್ಮ ಮುಯ್ಯಿ ನಾ ತೀರಸ್ತೇನಿ, ನೋಡ್ರಿ ಬೇಕಾರ, ಅಂದನ್ರಿ.”

ಸಾಹೇಬರು ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: “ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ, ನೋಡುತ್ತಿರಿ ಎಂದು ಬೆದರಿಕೆ ಹಾಕಿದನು.”

ಬಡಿದೆ. ಫಕ್ಕೀರಪ್ಪನ ವಕೀಲರು ಆ ಹೊತ್ತಿಗೆ ಹಿಂದೆ ತಿರುಗಿ ಬೇರೆ ಕೇಸಿನ ಕಕ್ಷಿದಾರನ ಜೊತೆ ಪಿಸುಗುಟ್ಟುತ್ತಿದ್ದರು. ಫ್ಯಾನಿನ ಸದ್ದು. ಗೌರವ್ವನ ಕಣ್ಣು ಮಗನ ಮೇಲಿತ್ತು.

ಸಾಹೇಬರದು ತಪ್ಪೆನ್ನುವಂತಿಲ್ಲ. ಮುಯ್ಯಿ ತೀರಿಸುವುದು ಎಂದರೆ ಸೇಡು ತೀರಿಸುವುದು ಎಂದೇ ಪುಸ್ತಕಗಳಲ್ಲಿ ಬರುತ್ತದೆ, ಅದೂ ಬಣವಿಗೆ ಬೆಂಕಿ ಬಿದ್ದ ಕೇಸಿನಲ್ಲಿ. ಆದರೆ ಮುಯ್ಯಿ ಎಂದರೆ ಬೇರೆಯೂ ಇದೆ. ಮದುವೆಯಲ್ಲಿ ನಮಗೆ ಒಬ್ಬರು ಸೀರೆ ಕೊಟ್ಟರೆ ಅವರ ಮನೆಯ ಮದುವೆಯಲ್ಲಿ ನಾವು ತಿರುಗಿ ಕೊಡುವುದೂ ಮುಯ್ಯಿ. ನಿಮ್ಮ ಹೊಲಕ್ಕೆ ನಾವು ಬಂದು ದುಡಿದರೆ ನಮ್ಮ ಹೊಲಕ್ಕೆ ನೀವು ಬಂದು ದುಡಿಯುವುದೂ ಮುಯ್ಯಿ. ಅಂಥ ಆಳಿಗೆ ಮುಯ್ಯಾಳು ಎಂದೇ ಹೆಸರು. ಕೊಟ್ಟಿದ್ದನ್ನು ತಿರುಗಿ ಕೊಡುವುದು, ಅಷ್ಟೇ ಅರ್ಥ. ಏನು ಕೊಟ್ಟಿದ್ದರು ಎಂಬುದು ಗೊತ್ತಿಲ್ಲದೆ ಏನು ತಿರುಗಿ ಬರುತ್ತದೆ ಎಂದು ಹೇಳಲಾಗದು. ಫಕ್ಕೀರಪ್ಪ ಯಾವ ಮುಯ್ಯಿಯ ಮಾತಾಡಿದ್ದ? ನನಗೂ ಗೊತ್ತಿರಲಿಲ್ಲ. ಬೆದರಿಕೆಯೇ ಇದ್ದರೂ ಇರಬಹುದು. ಗೊತ್ತಿದ್ದವಳು ಕಟಕಟೆಯಲ್ಲಿದ್ದಳು, ಅವಳನ್ನು ಯಾರೂ ಕೇಳಿರಲಿಲ್ಲ.

ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ಓದಬಹುದಿತ್ತು. ಆದ್ದರಿಂದ ಓದಿದೆ. ಅವತ್ತು ನಾನು ಮಾಡಿದ್ದು ಇಷ್ಟೇ, ಸಾವಕಾಶ ಓದಿದೆ. ಒಂದೊಂದು ಶಬ್ದವನ್ನೂ ಬಿಡಿಸಿ, ಅಪ್ಪ ಪುರಾಣದ ಕಟ್ಟೆಯ ಮೇಲೆ ಓದುತ್ತಿದ್ದ ಹಾಗೆ ಗಟ್ಟಿಯಾಗಿ ಓದಿದೆ. ಬೆಂಚ್ ಕ್ಲರ್ಕು ಇವಳಿಗೇನಾಯಿತು ಎನ್ನುವಂತೆ ನೋಡಿದರು. ಆ ಸಾಲು ಬಂತು. ‘ಸೇಡು’ ಎಂದು ಓದಿ ಒಂದು ಉಸಿರಿನಷ್ಟು ನಿಂತು ಮುಂದಿನ ಶಬ್ದಕ್ಕೆ ಹೋದೆ.

“ಸೇಡು ಅಂತ ನಾ ಎಲ್ಲಿ ಅಂದೆರಿ ಬಾಯಾರ?” ಎಂದಳು ಗೌರವ್ವ.

ನಾನು ತಲೆ ಎತ್ತಲಿಲ್ಲ. ಸಾಹೇಬರು ಕೇಳಿದರು: “ಈಗ ತಾನೇ ನೀವೇ ಹೇಳಿದಿರಲ್ಲಮ್ಮ?”

“ಸೇಡಲ್ರಿ, ಮುಯ್ಯಿ ಅಂದೆ.”

“ಎರಡೂ ಒಂದೇ ಅಲ್ಲವಾ?”

“ಒಂದ ಹೆಂಗ ಆಕ್ಕೈತ್ರಿ ಯಪ್ಪಾ? ಗೋವಿನಜೋಳ ಮುರಿಯಾಕ ನಾವು ಅವರ ಹೊಲಕ್ಕ ಹೋಗಿ ಬಂದಿದ್ವಿರಿ. ನಮ್ಮ ಹೊಲಕ್ಕ ಅವರು ಬರೂದಿತ್ತು. ಅವನ ಹೇಣ್ತಿಗೆ ಜಡ್ಡಾಗಿ ಬರಾಕ ಆಗ್ಲಿಲ್ಲ. ನನ್ನ ಮಗಾ ಅವರ ಬಾಗಲಕ್ಕ ಹೋಗಿ, ನಮ್ಮ ಮುಯ್ಯಿ ಮುಳುಗಿಸಿದಿ ಅಂತ ಮಂದ್ಯಾಗ ಬೈದ. ಅದಕ್ಕ ಅಂವ ಅಂದ, ನಿಮ್ಮ ಮುಯ್ಯಿ ನಾ ತೀರಸ್ತೇನಿ ಅಂತ.”

ಈರಪ್ಪ ಹಿಂದಿನ ಬೆಂಚಿನಿಂದ ಎದ್ದು ನಿಂತಿದ್ದ. ಕೂರುವಂತೆ ಪೊಲೀಸಪ್ಪ ಸನ್ನೆ ಮಾಡಿದ.

“ಸಿಟ್ಟಿನಲ್ಲಿ ಹೇಳಿದನೋ, ಸಮಾಧಾನವಾಗಿ ಹೇಳಿದನೋ?” ಎಂದರು ಸಾಹೇಬರು.

“ಸಿಟ್ಟಿಲೇ ಅಂದನ್ರಿ. ಮಂದ್ಯಾಗ ಬೈಸಿಕೊಂಡಾವ ನಕ್ಕೋತ ಅಂತಾನೇನ್ರಿ?”

“ಹಾಗಾದರೆ ಬಣವೆಗೆ ಬೆಂಕಿ ಹಚ್ಚಿದ್ದು ಅವನಲ್ಲವೇ?”

ಗೌರವ್ವ ಮಗನನ್ನು ನೋಡಿದಳು. ಏನು ಹೇಳಿದರೆ ಏನಾಗುತ್ತದೆ ಎಂಬುದು ಆಕೆಗೆ ಪೂರ್ತಿ ಗೊತ್ತಿತ್ತು.

“ನಾ ನೋಡಿಲ್ರಿ. ಅಂವನ ಹಚ್ಚಿದ್ರೂ ಹಚ್ಚಿರಬಹುದು. ಆದ್ರ ಈ ಮಾತ ಹಿಡಕೊಂಡು ಅಂವನ್ನ ಒಳಗ ಹಾಕಬ್ಯಾಡ್ರಿ. ಈ ಮಾತಿನ್ಯಾಗ ಬೆಂಕಿ ಇರಲಿಲ್ರಿ.”

ಸಾಹೇಬರು ಪೆನ್ನು ಕೆಳಗಿಟ್ಟರು. ಆಮೇಲೆ ನನಗೆ ಹೇಳಿದರು: “ಆ ಸಾಲು ತೆಗೆಯಿರಿ. ಆಕೆ ಆಡಿದ ಶಬ್ದವನ್ನೇ ಹಾಕಿ. ಮುಂದೆ ಆಕೆ ಹೇಳಿದ್ದನ್ನೂ ಹಾಗೆಯೇ ಸೇರಿಸಿ.” ಹಾಕಿದೆ. ಅಷ್ಟು ವರ್ಷದ ನೌಕರಿಯಲ್ಲಿ ಸಾಕ್ಷಿಯ ಬಾಯಿಯ ಶಬ್ದ ತಿರುಗುಮುರುಗಾಗದೆ ನನ್ನ ಬೆರಳಿಗೆ ಬಂದದ್ದು ಅದೇ ಮೊದಲು. ಬಹಳ ಸಂತೋಷವಾಯಿತು. ಆ ಸಂತೋಷ ಸಂಜೆಯವರೆಗೂ ಬಾಳಲಿಲ್ಲ.

ಕೋರ್ಟು ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದರೆ ಗೌರವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಬೆಳಿಗ್ಗೆ ಮಗನ ಬೈಕಿನ ಹಿಂದೆ ಕೂತು ಬಂದವಳು. ಮಗ ಬಿಟ್ಟು ಹೋಗಿದ್ದ. ಯಾರ ಮನೆಗೂ ಹೋಗಬೇಡಿ ಎಂಬ ಶಿರಸ್ತೇದಾರರ ಪಾಠ ನೆನಪಿತ್ತು, ಸಾಕ್ಷಿಗಳ ಜೊತೆ ಮಾತಿಗೂ ಅದು ಸಲ್ಲುತ್ತಿತ್ತು. ಆದರೂ ಹೋಗಿ ಪಕ್ಕದಲ್ಲಿ ಕೂತೆ. ಆಕೆಗೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ, ಅದೇ ನನಗೆ ಸಿಕ್ಕ ನೆಪ.

“ನಿಮ್ಮ ಮಗ ಸಿಟ್ಟಾಗ್ಯಾರೇನು?” ಎಂದೆ.

“ಮಾತ ಮುಗೀತು ಅಂದಾನ್ರಿ. ಅಂದ್ರ ಮುಗೀತು. ಅವರಪ್ಪನ ಹಂಗ ಹಟಮಾರಿ ಅ‌ಂವ. ಉಣ್ಣಾಕ ಹಾಕ್ತಾನ, ಬಟ್ಟಿ ಕೊಡಸ್ತಾನ, ಮಾತ ಮಾತ್ರ ಆಡಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: “ನೀವು ಒಬ್ರ ಇರ್ತೀರಂತಲ್ರಿ ಬಾಯಾರ. ಮನ್ಯಾಗ ಮಾತಾಡವ್ರು ಇಲ್ಲಂದ್ರ ಹೆಂಗ ಇರ್ತೀರಿ?”

ಯಾರೂ ನನ್ನನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಸಂಬಂಧಿಕರು ಕೇಳುವುದು ಊಟದ ವ್ಯವಸ್ಥೆಯ ಬಗ್ಗೆ, ಪಗಾರದ ಬಗ್ಗೆ.

“ರೂಢಿ ಆಗತದ,” ಎಂದೆ.

ಅದು ಸುಳ್ಳು. ಪ್ರಮಾಣ ಮಾಡಿಸದೆ ಹೇಳಿಸಿದ್ದರಿಂದ ಶಿಕ್ಷೆಯಾಗಲಿಲ್ಲ, ಅಷ್ಟೇ. ಆಕೆ ನನ್ನ ಮುಖವನ್ನು ಒಂದು ಕ್ಷಣ ನೋಡಿ, ನಂಬಿದವಳಂತೆ ತಲೆಯಾಡಿಸಿ, ಬಂದ ಬಸ್ಸು ಹತ್ತಿದಳು.

ಪುರಾವೆ ಸಾಲದೆ ಕೇಸು ಬಿದ್ದುಹೋಯಿತು. ಫಕ್ಕೀರಪ್ಪ ಬಿಡುಗಡೆಯಾದ. ಬಣವಿ ಸುಟ್ಟವರು ಯಾರೆಂದು ಇವತ್ತಿಗೂ ತಿಳಿಯದು. ಆ ಊರಿನ ಕಡೆ ಸಮನ್ಸ್ ಕೊಡಲು ಹೋಗುತ್ತಿದ್ದ ಬೇಲೀಫ ದಾವಲಸಾಬ ಆಗೀಗ ಸುದ್ದಿ ತರುತ್ತಿದ್ದ. ಮುಂದಿನ ಸುಗ್ಗಿಯಲ್ಲಿ ಫಕ್ಕೀರಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ಈರಪ್ಪನ ಹೊಲಕ್ಕೆ ಗೋವಿನಜೋಳ ಮುರಿಯಲು ಬಂದನಂತೆ, ಆಡಿದ ಮಾತಿನ ಹಾಗೆ. ಈರಪ್ಪ ಬದುವಿನಲ್ಲೇ ನಿಂತು ತಿರುಗಿ ಕಳಿಸಿದನಂತೆ.

“ತಾಯಿ ಜೋಡಿ ಮಾತಾಡ್ತಾನೇನೋ?” ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ.

“ಎಲ್ಲೀದ್ರಿ ಬಾಯಾರ. ಹೇಣ್ತಿಗೆ ಹೇಳ್ತಾನ, ಆಕಿ ಮುದುಕಿಗೆ ಹೇಳ್ತಾಳ. ಮೂರೂ ಮಂದಿ ಒಂದ ಕ್ವಾಣ್ಯಾಗ ಕುಂತಿರ್ತಾರ. ಅವ್ರಿಗೆ ಊಟಾ ಮಾಡಂತ ಹೇಳು, ಅಂತಾನ್ರಿ.”

ಇಷ್ಟು ವರ್ಷ ಬಡಿದ ಶಬ್ದದ ಅರ್ಥ ನನಗೆ ಆಗ ತಿಳಿಯಿತು. ಕೊಡಲಿ, ಕಲ್ಲು, ಬೆಂಕಿ ಇರುವುದನ್ನೆಲ್ಲ ಕೋರ್ಟು ಸೇಡು ಎನ್ನುತ್ತದೆ. ಅವೆಲ್ಲ ಒಂದು ದಿನದ ಸಿಟ್ಟು. ತಾಯಿಗೆ ಹೊತ್ತುಹೊತ್ತಿಗೆ ಊಟ ಹಾಕಿ ಎದುರಿಗೇ ಕೂತು ಮಾತಾಡಿಸದೆ ಇರುವುದಕ್ಕೆ ಯಾವ ಕಲಮೂ ಇಲ್ಲ, ಯಾರೂ ದೂರು ಬರೆದುಕೊಳ್ಳುವುದಿಲ್ಲ. ಹೊಸದಾಗಿ ಸೇರುವವರಿಗೆ ಇದನ್ನೇ ಹೇಳಬೇಕೆಂದಿದ್ದೆ. ಸಾವಕಾಶ ಓದಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನೀವೂ ಸಾವಕಾಶ ಓದಿ. ಆದರೆ ಓದಿದ ಮೇಲೆ ಸಾಕ್ಷಿ ಯಾವ ಮನೆಗೆ ತಿರುಗಿ ಹೋಗಬೇಕಾಗಿದೆ ಎಂಬುದೂ ಗೊತ್ತಿರಲಿ.

ನಿವೃತ್ತಿಯ ದಿನ ಶಾಲು ಹೊದಿಸಿದರು, ಭಾಷಣ ಮಾಡಿದರು. ಮರುದಿನದಿಂದ ಸುಮ್ಮನಾಯಿತು. ಕೋರ್ಟಿನಲ್ಲಿ ಮಾತಾಡದಿದ್ದರೂ ಮಾತು ಕೇಳುತ್ತಲಾದರೂ ಇದ್ದೆ. ಇಲ್ಲಿ ಅದೂ ಇಲ್ಲ. ಒಂದು ದಿನ ಹಾಲಿನವನಿಗೆ “ಅರ್ಧ ಲೀಟರ್ ಸಾಕಪಾ” ಎನ್ನಲು ಹೋದರೆ ದನಿಯೇ ಹೊರಡಲಿಲ್ಲ. ಬಾಯಿ ಬಿಟ್ಟು ಎಷ್ಟು ದಿನವಾಗಿತ್ತೋ. ಹೆದರಿಕೆಯಾಯಿತು. ಆಗ ಗೌರವ್ವ ನೆನಪಾದಳು. ರೂಢಿಯಾಗುತ್ತದೆ ಎಂದು ಆಕೆಗೆ ಹೇಳಿ ಕಳಿಸಿದ್ದೆ. ರೂಢಿಯಾಗುವುದಿಲ್ಲ ಎಂದಾದರೂ ಹೇಳಿ ಬರೋಣ ಎನ್ನಿಸಿತು. ಈಗ ನನ್ನನ್ನು ತಡೆಯುವ ಶಿರಸ್ತೇದಾರರು ಇರಲಿಲ್ಲ. ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಸೊಸೆ ಶಾಂತವ್ವ ಸೊಪ್ಪು ಬಿಡಿಸುತ್ತಿದ್ದಳು. ಯಾರೋ ಆಫೀಸಿನವರೆಂದು ತಿಳಿದು ಎದ್ದು ಚಾಪೆ ಹಾಸಿದಳು. ಒಳಗೆ ಗೋಡೆಗೆ ಒರಗಿ ಗೌರವ್ವ ಕೂತಿದ್ದಳು, ಮುಖ ನನ್ನ ಕಡೆಗಿದ್ದರೂ ಕಣ್ಣು ನನ್ನನ್ನು ಹಿಡಿಯಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಡುಮನೆಯ ಇನ್ನೊಂದು ಮೂಲೆಯಲ್ಲಿ ಈರಪ್ಪ ಹಗ್ಗ ಹೊಸೆಯುತ್ತಿದ್ದ. ತಲೆ ನರೆತಿತ್ತು. ನನ್ನನ್ನು ನೋಡಿದವನ ಕೈ ನಿಂತಿತು. ಗುರುತು ಸಿಕ್ಕಿತೆಂದು ನನಗೆ ಗೊತ್ತಾಯಿತು. ಹೊರಗೆ ಹೋಗು ಎನ್ನುತ್ತಾನೆ ಎಂದುಕೊಂಡೆ.

“ಯಾರ ಬಂದಾರವಾ?” ಎಂದು ಗೌರವ್ವ ಸೊಸೆಯನ್ನು ಕೇಳಿದಳು.

“ನಂಗ ಗೊತ್ತಿಲ್ರಿ ಅತ್ತಿ.”

“ಯಾರ ಅದು? ಯಾರರ ಹೇಳ್ರಲಾ.”

ನಾನು ಹೆಸರು ಹೇಳಲು ಬಾಯಿ ತೆರೆದೆ. ಮತ್ತೆ ಅದೇ, ದನಿ ಹೊರಡಲಿಲ್ಲ. ಶಾಂತವ್ವ ನನ್ನ ಮುಖ, ಗಂಡನ ಮುಖ ನೋಡುತ್ತ ನಿಂತಳು. ಆ ಮನೆಯಲ್ಲಿ ನನ್ನ ಗುರುತಿದ್ದವನು ಅವನೊಬ್ಬನೇ.

“ಕೋರ್ಟಿನ್ಯಾಗ ಓದಿದ ಬಾಯಾರು ಬೇ,” ಎಂದ ಈರಪ್ಪ.

ಅಂದ ಮೇಲೆ ಅವನಿಗೇ ತಿಳಿಯಿತು. ಹಗ್ಗ ಕೈಯಿಂದ ಜಾರಿ ಬಿತ್ತು. ಶಾಂತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೌರವ್ವ ದನಿ ಬಂದ ಕಡೆಗೆ ನಿಧಾನವಾಗಿ ಮುಖ ತಿರುಗಿಸಿದಳು. ಅಳಲಿಲ್ಲ, ಏನನ್ನೂ ಕೇಳಲಿಲ್ಲ. ನಿನ್ನೆಯೂ ಮೊನ್ನೆಯೂ ಮಾತಾಡಿದವಳ ಹಾಗೆ ಅಂದಳು:

“ಅವ್ರಿಗೆ ಚಾ ಮಾಡಸಪಾ. ಬಿಸಲಾಗ ಬಂದಾರ.”

ಅವನು ಬಿದ್ದ ಹಗ್ಗವನ್ನು ಎತ್ತಿ ಪಕ್ಕಕ್ಕಿಟ್ಟ. “ಹೂಂ ಬೇ,” ಎಂದ ಕೊನೆಗೆ.

ಚಹಾ ಕುಡಿದೆ. ಹೇಳಲು ಬಂದದ್ದನ್ನು ಹೇಳಲಿಲ್ಲ. ಅಲ್ಲಿ ಈಗ ಅದರ ಅಗತ್ಯವಿರಲಿಲ್ಲ. ತಾಯಿ ಮಗ ಒಂದೊಂದೇ ಶಬ್ದ ಆಡುತ್ತಿದ್ದರು, ಎಮ್ಮೆ ಎಷ್ಟು ಹಾಲು ಹಿಂಡುತ್ತದೆ, ಯಾರ ಮನೆಯ ಗೋಡೆ ಬಿತ್ತು ಎಂದು. ನಾನು ಎದ್ದಾಗ ಇಬ್ಬರೂ ಗಮನಿಸಲಿಲ್ಲ.

ಶಾಂತವ್ವ ಮಾತ್ರ ಬಸ್ಸಿನವರೆಗೂ ನನ್ನ ಜೊತೆ ಬಂದಳು. ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಸ್ಸು ತಿರುವಿನಲ್ಲಿ ಕಂಡಾಗ ನನ್ನ ಕೈ ಹಿಡಿದುಕೊಂಡಳು.

“ನಾಳೆ ಮತ್ತ ಮಾತ ನಿಂತ್ರ ಏನ ಮಾಡ್ಲಿರಿ? ಮತ್ತೊಮ್ಮಿ ಬರ್ತೀರೇನ್ರಿ ಬಾಯಾರ?”

ನನ್ನನ್ನು ಹೀಗೆ ಮನೆಗೆ ಕರೆದವರು ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡೆ, ಈ ಸಲ ದನಿ ಹೊರಟಿತು.

“ಮಾತ ನಿಲ್ಲದಿದ್ರೂ ಬರತೇನಿ,” ಎಂದೆ.